ಮನೆ ಬಿಟ್ಟು ಬೀದಿಗೆ ಬಂದ ಪಾಠ: ನಗರ ವಿನ್ಯಾಸ ಕಲಿಕೆಯ ಒಂದು ಸಮೀಕ್ಷೆ

ವಾಸ್ತುಶಿಲ್ಪ ಶಾಲೆಗಳ ವಿಚಾರ ಸಂಕಿರಣಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ನಮ್ಮಲ್ಲಿ ನಗರ ವಿನ್ಯಾಸದ ಪಾಠ ಗಂಭೀರವಾಗಿ ಶುರುವಾದದ್ದೇ 2015ರ ಸ್ಮಾರ್ಟ್ ಸಿಟಿ ಯೋಜನೆಯ ನಂತರವಂತೆ. ಅದಕ್ಕೂ ಮೊದಲು ವಿದ್ಯಾರ್ಥಿಗಳು ಬಿಡಿಬಿಡಿ ಕಟ್ಟಡಗಳನ್ನಷ್ಟೇ ಡಿಸೈನ್ ಮಾಡುತ್ತಿದ್ದರಂತೆ. ಹೀಗೆ ಹೇಳುವವರು ತರುಣ ಅಧ್ಯಾಪಕರು, ನಿಜವಾದ ಕಾಳಜಿ ಇರುವವರು. ಆದರೆ ಮಾತು ತಪ್ಪು. ನಗರವನ್ನು ಅಗಲವಾದ ಫುಟ್‌ಪಾತ್, ಕಲ್ಲುಬೆಂಚು, ಬಣ್ಣ ಬಳಿದ ಜಂಕ್ಷನ್ ಎಂದಷ್ಟೇ ಕಂಡಾಗ ಇಂಥ ತಪ್ಪು ಹುಟ್ಟುತ್ತದೆ. ಹಾಗೆ ಕಾಣುವವರ ಲೆಕ್ಕದಿಂದ ವಸತಿ ಅನ್ನುವ ವಿಷಯವೇ ಬಿಟ್ಟುಹೋಗಿರುತ್ತದೆ. ನಾಲ್ಕು ದಶಕಗಳಿಗೂ ಮೀರಿ ಈ ಸ್ಟುಡಿಯೊಗಳಲ್ಲಿ ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಪಾಠ ಹೇಳುವವನಾಗಿ ಇದ್ದವನಿಗೆ ಈ ಇತಿಹಾಸವನ್ನು ಒಮ್ಮೆ ನೆಟ್ಟಗೆ ಬರೆದಿಡಬೇಕು ಅನ್ನಿಸಿದೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ 19ನೇ ಶತಮಾನದ ಕೊನೆಗೆ ನಕ್ಷೆಗಾರರ ತರಗತಿಯಾಗಿ ಮೊದಲಾದ ಶಿಕ್ಷಣ ಬಹುಕಾಲ ಕಟ್ಟಡದ ಮುಂಗೋಡೆಯಿಂದ ಆಚೆ ಬರಲಿಲ್ಲ. ಕ್ಲಾಡ್ ಬ್ಯಾಟ್ಲಿ ಅಲ್ಲಿದ್ದಾಗ ವಿದ್ಯಾರ್ಥಿಗಳಿಂದ ಹಳೆಯ ಕಟ್ಟಡಗಳ ಅಳತೆ ತೆಗೆಸಿದರು. ಅಷ್ಟು ಒಳ್ಳೆಯ ಕೆಲಸ. ನಗರವನ್ನು ನಗರವಾಗಿ ನೋಡಿದ ಪ್ಯಾಟ್ರಿಕ್ ಗೆಡ್ಡೆಸ್ ಈ ಶಾಲೆಗಳ ಹೊರಗಿದ್ದ ಮನುಷ್ಯ. 1914ರಲ್ಲಿ ಭಾರತಕ್ಕೆ ಬಂದ ಅವರು ಊರೂರು ನಡೆದು, ಗಲ್ಲಿಗಲ್ಲಿ ಹೊಕ್ಕು ವರದಿ ಬರೆದರು. ತಂಜಾವೂರಿನ ಹಳೆಯ ಕೇರಿಗಳ ನಡುವೆ ನೇರ ರಸ್ತೆ ಸೀಳುವುದು ಬೇಡ, ಬಿದ್ದುಹೋದ ಒಂದೆರಡು ಮನೆಗಳ ಜಾಗ ತೆರವು ಮಾಡಿದರೆ ಗಾಳಿ ಬೆಳಕು ತಾನಾಗಿ ಬರುತ್ತದೆ ಎಂದು ವಾದಿಸಿದರು. 1919ರಲ್ಲಿ ಮುಂಬೈ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತು, ಸಮಾಜಶಾಸ್ತ್ರಕ್ಕೆ, ವಾಸ್ತುಶಿಲ್ಪಕ್ಕಲ್ಲ. ಆ ವರದಿಗಳ ಆಯ್ದ ಭಾಗ 1947ರಲ್ಲಿ ಪುಸ್ತಕವಾಗಿ ಬಂದ ಮೇಲೂ ನಮ್ಮ ಸ್ಟುಡಿಯೊಗಳಿಗೆ ಅದು ತಲುಪಲು ಬಹಳ ವರ್ಷ ಹಿಡಿಯಿತು.

ಮೈಸೂರು ಸಂಸ್ಥಾನದಲ್ಲಿ ಊರು ಕಟ್ಟುವ ಕೆಲಸಕ್ಕೆ ಕೊರತೆಯಿರಲಿಲ್ಲ, ಅದನ್ನು ಕಲಿಸುವ ಶಾಲೆ ಇರಲಿಲ್ಲ. 1898ರ ಪ್ಲೇಗಿನ ಸುತ್ತಮುತ್ತ ಬಸವನಗುಡಿ, ಮಲ್ಲೇಶ್ವರ ಎದ್ದವು: ನೇರ ಅಡ್ಡರಸ್ತೆಗಳು, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಜಾತಿವಾರು ವಿಂಗಡಿಸಿದ ಬ್ಲಾಕುಗಳು. 1939ರಲ್ಲಿ ಬರ್ಲಿನ್ನಿನ ಆಟೊ ಕೋನಿಗ್ಸ್‌ಬರ್ಗರ್ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಮುಂದೆ ಭುವನೇಶ್ವರದ ನಕ್ಷೆ ಹಾಕಿ, ಸ್ವತಂತ್ರ ಭಾರತದ ಮೊದಲ ವಸತಿ ನಿರ್ದೇಶಕರಾಗಿ ಕೆಲಸ ಮಾಡಿ, ಕೊನೆಗೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ವಿಭಾಗ ನಡೆಸಿದರು. ಬೆಂಗಳೂರಿನ ಬಿಸಿಲು ಮಳೆಯಲ್ಲಿ ಅವರು ಕಲಿತದ್ದು ಅಲ್ಲಿ ಪಠ್ಯವಾಯಿತು, ಬೆಂಗಳೂರಿನಲ್ಲಿ ಆಗಲಿಲ್ಲ.

1950ರ ದಶಕದಲ್ಲಿ ಎಲ್ಲರ ಕಣ್ಣು ಚಂಡೀಗಢದ ಮೇಲೆ. ಹುದ್ದೆಯ ದರ್ಜೆಗೊಂದು ಮನೆ ಎಂಬ ಅಲ್ಲಿನ ಲೆಕ್ಕ ಸರ್ಕಾರಿ ಕ್ವಾರ್ಟರ್ಸುಗಳನ್ನು ಇಂದಿಗೂ ಬಿಟ್ಟಿಲ್ಲ. ದೆಹಲಿಯಲ್ಲಿ 1955ರಲ್ಲಿ ಆರಂಭವಾದ ಯೋಜನಾ ಶಾಲೆ 1959ರಲ್ಲಿ ವಾಸ್ತುಶಿಲ್ಪ ವಿಭಾಗದೊಡನೆ ಸೇರಿ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಆಯಿತು. ಅರವತ್ತರ ದಶಕದ ಕೊನೆಗೆ ಅಲ್ಲಿ ನಗರ ವಿನ್ಯಾಸದ ಸ್ನಾತಕೋತ್ತರ ಕೋರ್ಸ್ ಬಂತು. ಕೆವಿನ್ ಲಿಂಚ್ 1960ರಲ್ಲಿ ಬರೆದ ಪುಸ್ತಕ ಹಿಡಿದುಕೊಂಡು ವಿದ್ಯಾರ್ಥಿಗಳು ಹಳೆಯ ದೆಹಲಿಯ ದಾರಿ, ಅಂಚು, ಗುರುತುಗಳನ್ನು ನಕ್ಷೆಗಿಳಿಸಿದರು. ಅಲ್ಲಿ ಪಾಠ ಹೇಳಿದ ರಂಜಿತ್ ಸಬಿಖಿ ತಮ್ಮ ಜೊತೆಗಾರರೊಂದಿಗೆ ಯಮುನಾ ಅಪಾರ್ಟ್‌ಮೆಂಟ್ಸ್‌ನಲ್ಲಿ, ರಾಜ್ ರೇವಾಲ್ 1982ರ ಏಷ್ಯನ್ ಗೇಮ್ಸ್ ಗ್ರಾಮದಲ್ಲಿ ಹಳೆಯ ಊರಿನ ಇಕ್ಕಟ್ಟು ಬೀದಿಯನ್ನು ಹೊಸ ವಸತಿಯೊಳಕ್ಕೆ ತಂದರು. ಒಳ್ಳೆಯ ಕೆಲಸಗಳೇ. ಆದರೆ ಅವನ್ನು ಕಂಡ ಪೀಳಿಗೆಯ ಬಹುಪಾಲು ವಿದ್ಯಾರ್ಥಿಗಳು ಬೀದಿಯ ಆಕಾರವನ್ನಷ್ಟೇ ನಕಲು ಮಾಡಿದರು. ಆ ಬೀದಿಯಲ್ಲಿ ಯಾರು ಕೂರುತ್ತಾರೆ, ಯಾಕೆ ಕೂರುತ್ತಾರೆ ಎಂಬುದು ನಕ್ಷೆಗೆ ಇಳಿಯಲಿಲ್ಲ.

ನನ್ನ ತಿಳಿವಳಿಕೆಯಲ್ಲಿ ನಿಜವಾದ ತಿರುವು ಅಹಮದಾಬಾದಿನದು. 1962ರಲ್ಲಿ ಬಿ.ವಿ. ದೋಶಿ ಮತ್ತು ಬರ್ನಾರ್ಡ್ ಕೋನ್ ಮುಂತಾದವರು ಅಲ್ಲಿ ವಾಸ್ತುಶಿಲ್ಪ ಶಾಲೆ ಕಟ್ಟಿದರು. ಹತ್ತು ವರ್ಷದ ಮೇಲೆ ದೋಶಿ ಕ್ರಿಸ್ಟೋಫರ್ ಬೆನಿಂಜರ್ ಜೊತೆ ಸೇರಿ ಯೋಜನಾ ಶಾಲೆಯನ್ನೂ ಶುರುಮಾಡಿದರು. ಹಳೆ ಪಟ್ಟಣದ ಪೋಳ ಎಂಬ ಕೇರಿಗಳು ಆ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ. ಮನೆ ಮುಂದಿನ ಓಟ್ಲಾ ಎಂಬ ಜಗಲಿ ಎಷ್ಟು ಎತ್ತರ, ಚೌಕಿಯ ಅಡಿಯ ಟಾಂಕಾ ಎಂಬ ತೊಟ್ಟಿಯಲ್ಲಿ ಎಷ್ಟು ಮಳೆನೀರು, ಎಲ್ಲವನ್ನೂ ಅಳೆದರು. ಅದೇ ಹೊತ್ತಿಗೆ ಜಾನ್ ಟರ್ನರ್ ಪೆರುವಿನ ಬಡಾವಣೆಗಳನ್ನು ಕಂಡು ಬರೆದ ಪುಸ್ತಕಗಳು ಕೈಗೆ ಬಂದವು. ಮನೆಯನ್ನು ಸರ್ಕಾರ ಪೂರ್ತಿ ಕಟ್ಟಿಕೊಡಬೇಕಿಲ್ಲ. ಜಾಗ, ನೀರು, ಚರಂಡಿ ಕೊಟ್ಟರೆ ಜನ ತಾವೇ ಕಟ್ಟಿಕೊಳ್ಳುತ್ತಾರೆ ಎಂಬ ಆ ವಾದ ಮದ್ರಾಸಿನ ಅರುಂಬಾಕ್ಕಂನಲ್ಲಿ ನೆಲಕ್ಕಿಳಿಯಿತು.

ಇಂದೋರಿನ ಅರಣ್ಯ ಬಡಾವಣೆಯನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ದೋಶಿಯವರ ವಾಸ್ತುಶಿಲ್ಪ ಫೌಂಡೇಶನ್ 1980ರ ದಶಕದಲ್ಲಿ ಸುಮಾರು ಆರೂವರೆ ಸಾವಿರ ನಿವೇಶನಗಳಿಗೆ ಹಾಕಿದ ನಕ್ಷೆ ಅದು. ಕೆಲಸ ಶುರುವಾದದ್ದು ಇಂದೋರಿನ ಕೊಳೆಗೇರಿಗಳ ಸಮೀಕ್ಷೆಯಿಂದ. ಜನ ಮರದ ಕೆಳಗೆ, ಕಟ್ಟೆಯ ಮೇಲೆ, ಓಣಿಯ ತಿರುವಿನಲ್ಲಿ ಏನೇನು ಮಾಡುತ್ತಾರೆ ಎಂದು ನೋಡಿ ಬರೆದುಕೊಂಡರು. ತೀರಾ ಬಡವರಿಗೆ ಕೊಟ್ಟ ನಿವೇಶನ ಸುಮಾರು 35 ಚದರ ಮೀಟರ್. ಅದರ ಮೇಲೆ ಒಂದು ತಳಪಾಯ, ಒಂದು ಕಕ್ಕಸು, ನೀರಿನ ಸಂಪರ್ಕ. ಕೈಲಾದವರಿಗೆ ಒಂದು ಕೋಣೆ. ಉಳಿದದ್ದು ಮನೆಯವರಿಗೆ ಬಿಟ್ಟದ್ದು. ಹೇಗೆ ಬೆಳೆಸಬಹುದು ಎಂದು ತೋರಿಸಲು 80 ಮಾದರಿ ಮನೆಗಳನ್ನು ಕಟ್ಟಿದರು. ಹೊರಮೆಟ್ಟಿಲು ಬೀದಿ ಕಡೆಗಿದ್ದದ್ದರಿಂದ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡಲು ದಾರಿಯಾಯಿತು. ಮೆಟ್ಟಿಲಿನ ಜಾಗ ಒಂದನ್ನು ಸರಿಯಾಗಿ ಆರಿಸಿದ್ದಕ್ಕೆ ಒಂದು ಕುಟುಂಬಕ್ಕೆ ತಿಂಗಳ ಆದಾಯ ಬರುವಂತಾಗುವುದನ್ನು ವಿದ್ಯಾರ್ಥಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದೇ ಕಾಲದಲ್ಲಿ ನವಿ ಮುಂಬೈಯ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ ಪಕ್ಕದ ಮನೆಯ ಗೋಡೆ ತಾಗದಂತೆ ಮನೆಗಳನ್ನು ಬಿಡಿಯಾಗಿ ಇಟ್ಟು, ಏಳೇಳು ಮನೆಗೊಂದು ಅಂಗಳ ಕೊಟ್ಟರು. ಪ್ರತಿ ಮನೆಯೂ ತನ್ನ ಪಾಡಿಗೆ ತಾನು ಬೆಳೆಯಲಿ ಎಂದು.

ಬೆಂಗಳೂರಿನ ನಮ್ಮ ಪೀಳಿಗೆ ಕಲಿತದ್ದು ಈ ಎರಡು ಕೆಲಸಗಳ ಗಾಳಿಯಲ್ಲಿ. ಆಗ ವಸತಿ ಮತ್ತು ನಗರ ವಿನ್ಯಾಸ ಎಂದು ಎರಡು ಬೇರೆ ಸ್ಟುಡಿಯೊ ಇರಲಿಲ್ಲ. ಒಂದು ಕೇರಿಯನ್ನು ಅಳೆಯುವುದು, ಅದೇ ಕೇರಿಯ ಜನಕ್ಕೆ ಮನೆ ಹಾಕುವುದು, ಅವರ ಬೀದಿಯನ್ನೂ ಕಟ್ಟೆಯನ್ನೂ ಅದೇ ಹಾಳೆಯಲ್ಲಿ ಬರೆಯುವುದು, ಇಷ್ಟೂ ಒಂದೇ ಕೆಲಸ. ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘಟನೆ ‘ನಾಸಾ’ ನಡೆಸುವ ಲೂಯಿ ಕಾನ್ ಟ್ರೋಫಿಗೆ ಊರುಗಳ ದಾಖಲೆ ಮಾಡುವುದೆಂದರೆ ಹಬ್ಬ. ಟೇಪು ಹಿಡಿದು ಹೋದ ತಂಡಗಳು ಆ ಊರಿನ ದೇವಸ್ಥಾನದ ಜಗಲಿಯ ಮೇಲೇ ಮಲಗಿ ಏಳುತ್ತಿದ್ದವು.

ಬೆಂಗಳೂರಿನ ಪೇಟೆಗಳಲ್ಲಿ ನಾವು ಮಾಡಿದ, ಮಾಡಿಸಿದ ಕೆಲಸಗಳಲ್ಲಿ ನಾನು ಅತ್ಯಂತ ಬೆಲೆಬಾಳುವುದೆಂದು ಎಣಿಸುವುದು ವಠಾರಗಳ ಅಳತೆಯನ್ನು. ಬೀದಿಯಿಂದ ನೋಡಿದರೆ ಒಂದು ಅಂಗಡಿ, ಅದರ ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಸಂದಿ. ಸಂದಿಯ ಆಚೆ ಉದ್ದನೆಯ ಅಂಗಳ, ಎರಡೂ ಕಡೆ ಸಾಲಾಗಿ ಮನೆಗಳು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅಷ್ಟೇ. ನಡುವೆ ನಲ್ಲಿ, ಒಗೆಯುವ ಕಲ್ಲು, ತುಳಸಿಕಟ್ಟೆ; ಕೊನೆಯಲ್ಲಿ ಎಲ್ಲರಿಗೂ ಸೇರಿದ ಕಕ್ಕಸು. ನಕ್ಷೆಯನ್ನು 1:50ರಲ್ಲಿ ಹಾಕಿಸುತ್ತಿದ್ದೆವು, ಕೊಡ ಎಲ್ಲಿಟ್ಟಿದ್ದಾರೆ ಎಂಬುದೂ ಕಾಣಬೇಕೆಂದು. ಪಕ್ಕದಲ್ಲಿ ಇನ್ನೊಂದು ಹಾಳೆ: ಬೆಳಗ್ಗೆ ಐದಕ್ಕೆ ನೀರು ಬಿಟ್ಟಾಗ ಅಂಗಳದಲ್ಲಿ ಯಾರು, ಹನ್ನೊಂದಕ್ಕೆ ಯಾರು, ಸಂಜೆ ಹೂ ಕಟ್ಟಲು ಯಾರು ಯಾವ ಮೆಟ್ಟಿಲ ಮೇಲೆ ಕೂರುತ್ತಾರೆ. ಈ ಎರಡನೇ ಹಾಳೆ ಮಾಡಿದ ವಿದ್ಯಾರ್ಥಿ ಮುಂದೆ ಫ್ಲಾಟ್ ಡಿಸೈನ್ ಮಾಡುವಾಗ ಕಾರಿಡಾರನ್ನು ಬರೀ ಓಡಾಡುವ ಜಾಗವೆಂದು ಎಣಿಸುತ್ತಿರಲಿಲ್ಲ. ಅಲ್ಲೊಂದು ಕಿಟಕಿ, ಇಲ್ಲೊಂದು ಕೂರುವ ಕಟ್ಟೆ ತಾನಾಗಿ ಬರುತ್ತಿತ್ತು. ಜ್ಯೂರಿಯಲ್ಲಿ ಕಾರಣ ಕೇಳಿದರೆ ವಠಾರದ ಹೆಂಗಸರ ಹೆಸರು ಹಿಡಿದು ಉತ್ತರ ಹೇಳುತ್ತಿದ್ದರು.

1991ರ ನಂತರ ಗಾಳಿ ಬದಲಾಯಿತು. ಡ್ರಾಫ್ಟಿಂಗ್ ಬೋರ್ಡಿನ ಜಾಗಕ್ಕೆ ಆಟೊಕ್ಯಾಡ್ ಬಂದದ್ದು ದೊಡ್ಡ ವಿಷಯವಲ್ಲ. ಕೆಲಸ ಕೊಡುವವರು ಬದಲಾದರು ಎಂಬುದು ದೊಡ್ಡದು. ವಸತಿ ಮಂಡಳಿ, ವಸತಿಗೆ ಸಾಲ ಕೊಡುವ ಹುಡ್ಕೊ, ಗೃಹನಿರ್ಮಾಣ ಸಹಕಾರ ಸಂಘಗಳ ಬದಲು ಐಟಿ ಕ್ಯಾಂಪಸ್ಸು, ಮಾಲು, ಗೇಟು ಹಾಕಿದ ಬಡಾವಣೆ. ಶಾಲೆಗಳೂ ಹೆಚ್ಚಿದವು, ಕಳೆದ ದಶಕದಲ್ಲಿ ದೇಶದಲ್ಲಿ ಅವುಗಳ ಸಂಖ್ಯೆ ನಾನೂರು ದಾಟಿತು. ಅಷ್ಟೊಂದು ಶಾಲೆಗಳಿಗೆ ಕೇರಿ ಸುತ್ತಿ ಬಂದ ಅಧ್ಯಾಪಕರು ಎಲ್ಲಿಂದ ಬರಬೇಕು? ಸೆಮಿಸ್ಟರ್ ಚಿಕ್ಕದಾಯಿತು, ಸಮೀಕ್ಷೆಗೆ ಒಂದು ವಾರ ಉಳಿಯಿತು, ಆ ಒಂದು ವಾರವನ್ನೂ ಗೂಗಲ್ ನಕ್ಷೆ ನುಂಗಿತು.

ಸಾರ್ವಜನಿಕ ಸ್ಥಳದ ಅಲೆ ಎದ್ದದ್ದು ಇದಾದ ಮೇಲೆ. ಅದರಿಂದ ಒಳ್ಳೆಯದೂ ಆಗಿದೆ, ಅದನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಮಾದರಿಯ ರಸ್ತೆಗಳು, ಕಲ್ಲು ಹಾಸಿದ ಚರ್ಚ್ ಸ್ಟ್ರೀಟ್ ಬಂದ ಮೇಲೆ ರಸ್ತೆಯ ಅಡಿಯ ಕೊಳವೆ, ಕೇಬಲ್, ಚರಂಡಿಗಳನ್ನು ಸೆಕ್ಷನ್ನಿನಲ್ಲಿ ಬರೆಯಲು ವಿದ್ಯಾರ್ಥಿಗಳು ಕಲಿತರು. ನಾವು ಅದನ್ನು ಎಂಜಿನಿಯರಿಗೆ ಬಿಟ್ಟಿದ್ದೆವು. ಸಾರ್ವಜನಿಕ ಸ್ಥಳಗಳ ಬಗ್ಗೆ ಬರೆದ ಯಾನ್ ಗೇಲ್, ವಿಲಿಯಂ ವೈಟ್ ಅವರನ್ನು ಈಗಿನ ಹುಡುಗರು ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ಆದರೆ ಸ್ಪರ್ಧೆ, ಪ್ರದರ್ಶನ, ಥೀಸಿಸ್ ಎಲ್ಲವೂ ಬೀದಿ, ಕೆರೆದಂಡೆ, ಮಾರುಕಟ್ಟೆಯ ಚೌಕಗಳ ಕಡೆಗೆ ಹೊರಳಿದವು. ನಾನು ಜ್ಯೂರಿಗೆ ಹೋಗುವ ಕೆಲವು ಶಾಲೆಗಳಲ್ಲಿ ವಸತಿ ಐಚ್ಛಿಕ ವಿಷಯವಾಗಿದೆ. ಈ ವರ್ಷದ ಒಂದು ಜ್ಯೂರಿಯಲ್ಲಿ ಹೂವಿನ ಮಾರುಕಟ್ಟೆಯ ಬೀದಿಗೆ ಬಹಳ ಸುಂದರವಾದ ಪ್ರಸ್ತಾವ ಕಂಡೆ. ಕೃತಕ ಬುದ್ಧಿಮತ್ತೆಯಿಂದ ತೆಗೆಸಿದ ಚಿತ್ರಗಳು ಕಣ್ಣಿಗೆ ಹಬ್ಬ. ಹೂ ಮಾರುವವರು ರಾತ್ರಿ ಎಲ್ಲಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಬಸ್ಸು ಹಿಡಿಯುತ್ತಾರೆ ಎಂದು ಕೇಳಿದೆ. ಅದು ಬ್ರೀಫ್‌ನಲ್ಲಿ ಇರಲಿಲ್ಲ ಎಂದರು. ತಪ್ಪು ಆ ಮಕ್ಕಳದಲ್ಲ, ಬ್ರೀಫ್ ಬರೆದವರದು.

ಇನ್ನು ಯಾರೂ ಕೈ ಹಾಕದ ಕೆಲಸಗಳು. ಪ್ರಧಾನಮಂತ್ರಿ ಆವಾಸ್ ಯೋಜನೆ 2015ರಲ್ಲಿ ಬಂದಾಗ ಆರ್ಥಿಕವಾಗಿ ದುರ್ಬಲರ ನಗರದ ಮನೆಗೆ ಇಟ್ಟಿದ್ದ ಮಿತಿ 30 ಚದರ ಮೀಟರ್ ಕಾರ್ಪೆಟ್ ಏರಿಯಾ. ಅರಣ್ಯದ 35 ಚದರ ಮೀಟರ್ ನೆಲದ ಮೇಲಿತ್ತು, ಮೇಲಕ್ಕೆ ಬೆಳೆಯಬಹುದಿತ್ತು. ಆ ಮಿತಿಯಲ್ಲಿ ಕಟ್ಟಿದ ಫ್ಲಾಟ್ ಮೂರನೇ ಮಹಡಿಯಲ್ಲಿ ನಿಂತಿದೆ, ಮಗನಿಗೆ ಮದುವೆಯಾದರೆ ಹೆಚ್ಚಿಸಲು ಒಂದಡಿ ಜಾಗವಿಲ್ಲ. ಈ ಬ್ಲಾಕುಗಳಲ್ಲಿ ಜನ ಹೇಗೆ ಬದುಕುತ್ತಿದ್ದಾರೆ ಎಂದು ಅಳೆದು ಬಂದ ಸ್ಟುಡಿಯೊ ನಾನು ಕಂಡಿಲ್ಲ. ಬೆಂಗಳೂರಿನ ಬಹಳಷ್ಟು ಜನ ಇರುವುದು 20×30, 30×40 ಸೈಟುಗಳ ಮೇಲೆ ಎದ್ದ ನಾಲ್ಕು ಮಹಡಿ ಬಾಡಿಗೆ ಮನೆಗಳಲ್ಲಿ, ಅವುಗಳಲ್ಲಿ ಎಷ್ಟೋ ರೆವಿನ್ಯೂ ಸೈಟುಗಳು. ಸ್ಟುಡಿಯೊದಲ್ಲಿ ಮಾತ್ರ ಸೈಟ್ ಎಂದರೆ ಯಾವ ತಕರಾರೂ ಇಲ್ಲದ ಎರಡು ಎಕರೆ. ಜಾತಿಯ ವಿಷಯವಂತೂ ನಕ್ಷೆಗೆ ಬರುವುದೇ ಇಲ್ಲ. ಮಲ್ಲೇಶ್ವರ ಹಾಕಿದವರು ಅದನ್ನು ಬಹಿರಂಗವಾಗಿ ಬರೆದಿದ್ದರು. ನಮ್ಮ ಹಾಳೆಗಳಲ್ಲಿ ಇಡೀ ಕೇರಿ ಹಳದಿ ಬಣ್ಣದ ‘ವಸತಿ ಪ್ರದೇಶ’. ಯಾರಿಗೆ ಯಾವ ಬೀದಿಯಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ ಎಂಬುದನ್ನು ಗುರುತಿಸದ ವಸತಿ ಸಮೀಕ್ಷೆ ಅರ್ಧ ಸಮೀಕ್ಷೆ. ದಾವಣಗೆರೆ, ಗದಗ, ರಾಯಚೂರಿನಂಥ ಊರುಗಳಿಂದ ಬಂದ ವಿದ್ಯಾರ್ಥಿಗಳು ತರಗತಿಯಲ್ಲಿ ಕಡಿಮೆಯೇನಿಲ್ಲ. ಅವರಿಗೂ ಕೊಡುವ ಸೈಟ್ ಬೆಂಗಳೂರಿನದೇ.

ವಠಾರಗಳು ಒಂದೊಂದಾಗಿ ಬಿದ್ದು ಅಲ್ಲಿ ಗೋದಾಮು, ಕಾಂಪ್ಲೆಕ್ಸ್ ಎದ್ದಿವೆ. ಅವುಗಳ ಅಳತೆ ನಕ್ಷೆಗಳಲ್ಲಿ ಬಹಳಷ್ಟು ಮೌಲ್ಯಮಾಪನ ಮುಗಿದ ಮೇಲೆ ರದ್ದಿಗೆ ಹೋದವು. ಉಳಿದ ಟ್ರೇಸಿಂಗ್ ಹಾಳೆಗಳು ಹಳೆಯ ಅಧ್ಯಾಪಕರ ಅಟ್ಟದ ಮೇಲೆ, ಕಾಲೇಜುಗಳ ನೆಲಮಾಳಿಗೆಯಲ್ಲಿ ಸುರುಳಿಯಾಗಿ ಬಿದ್ದಿವೆ, ಅಂಚು ಪುಡಿಯಾಗುತ್ತಿವೆ. ಅವನ್ನು ಸ್ಕ್ಯಾನ್ ಮಾಡಿ ಒಂದೆಡೆ ಇಡಲು ಒಂದು ಶಾಲೆಯ ಒಂದು ಬೇಸಿಗೆ ರಜೆ ಸಾಕು. ಮುಂದಿನ ಸೆಮಿಸ್ಟರಿನ ಬ್ರೀಫ್ ಬರೆಯುವವರು ಮೊದಲು ಅವನ್ನು ಬಿಚ್ಚಿ ನೋಡಲಿ, ಆಮೇಲೆ ಅದೇ ಬೀದಿಗಳಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಲಿ. ಬೀದಿಯ ಅಳತೆ ಮುಗಿದ ಮೇಲೆ ಬಾಗಿಲು ತಟ್ಟಿ, ಒಪ್ಪಿಗೆ ಕೇಳಿ, ಒಳಗಿನ ಅಳತೆಯನ್ನೂ ತೆಗೆಸಲಿ.