ಜೆಲ್ ಚಿತ್ರಗ್ರಾಹಕ

ಅಣುಜೀವವಿಜ್ಞಾನದಲ್ಲಿ, ಜೆಲ್‌ನೊಳಗೆ ಬೇರ್ಪಟ್ಟ ಡಿಎನ್‌ಎ, ಆರ್‌ಎನ್‌ಎ ಹಾಗೂ ಪ್ರೋಟೀನುಗಳ ಪಟ್ಟಿಗಳನ್ನು ಚಿತ್ರವಾಗಿ ದಾಖಲಿಸುವ ಸಾಧನ. ಪ್ರಯೋಗಾಲಯದ ಆಡುಮಾತಿನಲ್ಲಿ ಜೆಲ್ ಡಾಕ್. ಕತ್ತಲ ಪೆಟ್ಟಿಗೆ, ನೇರಳಾತೀತ ಅಥವಾ ನೀಲಿ ಬೆಳಕಿನ ಪೀಠ, ಫಿಲ್ಟರ್, ಕ್ಯಾಮೆರಾ ಮತ್ತು ಕಂಪ್ಯೂಟರ್ ಇದರ ಮುಖ್ಯ ಭಾಗಗಳು.

ವಿದ್ಯುತ್ ಹರಿಸಿದಾಗ ಋಣಾವೇಶವುಳ್ಳ ಡಿಎನ್‌ಎ ತುಣುಕುಗಳು ಅಗರೋಸ್ ಜೆಲ್‌ನಲ್ಲಿ ಧನಾಗ್ರದತ್ತ ಸಾಗುತ್ತವೆ. ಚಿಕ್ಕವು ಮುಂದೆ ಹೋಗುತ್ತವೆ, ದೊಡ್ಡವು ಹಿಂದುಳಿಯುತ್ತವೆ. ಅವುಗಳಿಗೆ ಅಂಟಿದ ಎಥಿಡಿಯಂ ಬ್ರೋಮೈಡ್ ಎಂಬ ವರ್ಣಕ, ಸುಮಾರು 302 ನ್ಯಾನೋಮೀಟರ್ ತರಂಗಾಂತರದ ಕಿರಣ ಬಿದ್ದಾಗ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. 1970ರ ದಶಕದ ಆರಂಭದಲ್ಲಿ ಈ ವಿಧಾನ ರೂಢಿಗೆ ಬಂತು. ಚಿತ್ರ ತೆಗೆಯಲು ಮೊದಲು ಪೋಲರಾಯ್ಡ್ ಕ್ಯಾಮೆರಾ ಬಳಕೆಯಲ್ಲಿತ್ತು. ಮುಂದೆ ಸಿಸಿಡಿ ಕ್ಯಾಮೆರಾ ಅದರ ಸ್ಥಾನ ಪಡೆಯಿತು.

ಸಂಶೋಧನೆಯಲ್ಲಿ ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನದ ಫಲಿತಾಂಶ ನೋಡಲು, ತುಣುಕುಗಳ ಉದ್ದ ಅಂದಾಜಿಸಲು ಇದು ನೆರವಾಗುತ್ತದೆ. ಹೊಳಪಿನಿಂದ ಪ್ರಮಾಣ ಅಳೆಯುವಾಗ ಬೆಳಕು ಅತಿಯಾಗಿ ಪಟ್ಟಿ ಪೂರ್ತಿ ಬಿಳುಪೇರಿದ್ದರೆ ಲೆಕ್ಕ ತಪ್ಪುತ್ತದೆ. ಎಥಿಡಿಯಂ ಬ್ರೋಮೈಡ್ ಉತ್ಪರಿವರ್ತನೆ ಉಂಟುಮಾಡಬಲ್ಲದು. ನೇರಳಾತೀತ ಕಿರಣ ಕಣ್ಣು, ಚರ್ಮಗಳಿಗೂ ಜೆಲ್‌ನಲ್ಲಿರುವ ಡಿಎನ್‌ಎಗೂ ಹಾನಿಕರ. ಆದ್ದರಿಂದ ಬೋಧನೆಗೆ ನೀಲಿ ಬೆಳಕಿನಲ್ಲಿ ಹೊಳೆಯುವ ಸೈಬರ್ ಸೇಫ್‌ನಂಥ ವರ್ಣಕಗಳು ಹೆಚ್ಚು ಸೂಕ್ತ. ಕಿತ್ತಳೆ ಫಿಲ್ಟರ್ ಇಟ್ಟು ಮೊಬೈಲ್ ಕ್ಯಾಮೆರಾದಲ್ಲೂ ಇವುಗಳ ಚಿತ್ರ ತೆಗೆಯಬಹುದು.