ಹಾಲು ಕೂಲರ್‌ಗಳಲ್ಲಿ ಕಂಪ್ರೆಸರಿಗೆ ಮರಳುವ ದ್ರವ ಶೀತಕ: ಚಿತ್ರದುರ್ಗ ಜಿಲ್ಲೆಯ ಸಂದರ್ಭ

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹಾಲು ಶಿವಮೊಗ್ಗ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನು ಒಳಗೊಂಡ ಒಕ್ಕೂಟಕ್ಕೆ ಸೇರುತ್ತದೆ. ಅದನ್ನು ಊರ ಹತ್ತಿರವೇ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಲು ಬಲ್ಕ್ ಮಿಲ್ಕ್ ಕೂಲರ್‌ಗಳಿವೆ. ಇವುಗಳ ಕಂಪ್ರೆಸರ್ ಕೆಟ್ಟಾಗ ‘ಲಿಕ್ವಿಡ್ ಬಂದಿದೆ’ ಎನ್ನುವುದುಂಟು. ಮಾತು ನಿಜವೇ ಇರಬಹುದು. ಆದರೆ ಲಿಕ್ವಿಡ್ ಬಂದದ್ದು ಯಂತ್ರ ಓಡುವಾಗಲೋ, ನಿಂತಿರುವಾಗಲೋ ಎಂದು ಕೇಳದೆ ರಿಪೇರಿಗೆ ಕೈಹಾಕುವುದು ವ್ಯರ್ಥ.

ಓಡುವಾಗಿನದು ಸುಲಭ. ಇವಾಪರೇಟರ್ ತೊಟ್ಟಿಯ ತಳದಲ್ಲಿರುವ ತಟ್ಟೆ. ಮೇವು ಒಣಗಿ ಹಾಲು ಇಳಿದ ಬೇಸಿಗೆಯಲ್ಲಿ, ಕಲಕುವ ರೆಕ್ಕೆಗೂ ತಾಗದಷ್ಟು ಹಾಲಿಗೆ ಯಂತ್ರ ಹಾಕಿದರೆ ಶೀತಕ ಪೂರ್ತಿ ಕುದಿಯದೆ ಮರಳುತ್ತದೆ. ಎಕ್ಸ್‌ಪಾನ್ಷನ್ ವಾಲ್ವಿನ ಬಲ್ಬ್ ಸಡಿಲವಾದರೂ ಇದೇ ಗತಿ. ಪೈಪಿನ ಮೇಲಿನ ಮಂಜು ಇದಕ್ಕೆ ಸಾಕ್ಷಿಯಲ್ಲ, ಅಳೆಯಲೇಬೇಕು. ಆರ್-22 ಯಂತ್ರದಲ್ಲಿ ಸಕ್ಷನ್ ಗೇಜ್ ಸುಮಾರು 3.2 ಬಾರ್ ತೋರಿದರೆ ಶೀತಕ ಕುದಿಯುವುದು ಸುಮಾರು ಮೈನಸ್ 5 ಡಿಗ್ರಿಯಲ್ಲಿ. ಕಂಪ್ರೆಸರ್ ಬಳಿ ಪೈಪ್ 7 ಡಿಗ್ರಿ ಇದ್ದರೆ ಇವೆರಡರ ಅಂತರ, ಅಂದರೆ ಸೂಪರ್‌ಹೀಟ್, 12; ಚಿಂತೆಯಿಲ್ಲ. ಪೈಪೂ ಮೈನಸ್ 4ರಲ್ಲಿದ್ದರೆ ದ್ರವ ಬರುತ್ತಿದೆಯೆಂದೇ ಶಂಕಿಸಬೇಕು.

ನಿಂತಿರುವಾಗಿನದು ಗೇಜಿಗೆ ಸಿಗುವುದಿಲ್ಲ. ತೊಟ್ಟಿಯಲ್ಲಿ ತಣ್ಣನೆಯ ಹಾಲಿರುವಷ್ಟು ಹೊತ್ತು ಶೀತಕ ತಳದ ತಟ್ಟೆಯಲ್ಲೇ ಉಳಿಯುತ್ತದೆ, ಏಕೆಂದರೆ ಅದು ಸರಿಯುವುದು ತಂಪಿನ ಕಡೆಗೆ. ಟ್ಯಾಂಕರ್ ಹಾಲು ಒಯ್ದ ಮೇಲೆ ತೊಟ್ಟಿಯನ್ನು ಬಿಸಿನೀರಿನಲ್ಲಿ ತೊಳೆಯುತ್ತಾರೆ. ಈಗ ತಟ್ಟೆ ಬಿಸಿ, ಕಂಪ್ರೆಸರ್ ಅದಕ್ಕಿಂತ ತಂಪು. ಆವಿ ಅತ್ತ ಹರಿದು ಎಣ್ಣೆಯಲ್ಲಿ ಕರಗುತ್ತದೆ. ಮುಂದಿನ ಹಾಲಿಗೆ ಯಂತ್ರ ಹಾಕಿದೊಡನೆ ಒತ್ತಡ ಕುಸಿದು, ಕರಗಿದ ಶೀತಕ ಕುದಿದು, ಎಣ್ಣೆ ನೊರೆಯೆದ್ದು ಹೊರನಡೆಯುತ್ತದೆ. ಬೇರಿಂಗುಗಳು ಒಣಗಿ ತಿರುಗುತ್ತವೆ. ಶುಚಿತ್ವಕ್ಕೆ ಬಿಡಲಾಗದ ತೊಳೆತವೇ ಇಲ್ಲಿ ಯಂತ್ರಕ್ಕೆ ಮುಳುವು.

ಕ್ರ್ಯಾಂಕ್‌ಕೇಸ್ ಹೀಟರ್ ಇದೆಯಲ್ಲ ಎನ್ನಬಹುದು. ಅದು ಎಣ್ಣೆಯನ್ನು ಬೆಚ್ಚಗಿಡಲು ಗಂಟೆಗಟ್ಟಲೆ ಕರೆಂಟ್ ಬೇಕು. ಕರೆಂಟ್ ಹೋದಾಗ ಜನರೇಟರ್ ಹಾಕುವುದು ಹಾಲಿಗಾಗಿ. ಖಾಲಿ ತೊಟ್ಟಿಯ ಹೀಟರಿಗಾಗಿ ಡೀಸೆಲ್ ಸುಡುವವರು ಯಾರು? ಮೂರು ಫೇಸ್ ಇಲ್ಲದೆ ಸಿಂಗಲ್ ಫೇಸ್ ಮಾತ್ರ ಇರುವ ವೇಳೆಗೆಂದು ಹೀಟರಿಗೆ ಬೇರೆ ಲೈನ್ ಕೊಡುವುದು ಅಗ್ಗದ ಉಪಾಯ. ಪಂಪ್‌ಡೌನ್ ಇನ್ನೂ ಗಟ್ಟಿ: ಥರ್ಮೋಸ್ಟಾಟ್ ಕಂಪ್ರೆಸರನ್ನು ನಿಲ್ಲಿಸದೆ ಲಿಕ್ವಿಡ್ ಲೈನಿನ ಸೊಲೆನಾಯ್ಡ್ ಮುಚ್ಚುತ್ತದೆ, ತಟ್ಟೆ ಬರಿದಾಗಿ ಒತ್ತಡ ಇಳಿದಾಗ ಲೋ-ಪ್ರೆಷರ್ ಸ್ವಿಚ್ ಯಂತ್ರ ನಿಲ್ಲಿಸುತ್ತದೆ. ಯಂತ್ರ ಓಡುತ್ತಿರುವಾಗಲೇ ಕರೆಂಟ್ ಕೈಕೊಟ್ಟರೆ ಮಾತ್ರ ತಟ್ಟೆ ಬರಿದಾಗದು. ಆ ದಿನ ತೊಳೆಯುವ ಮುನ್ನ ಕರೆಂಟ್ ಬಂದ ಮೇಲೆ ಒಮ್ಮೆ ಪಂಪ್‌ಡೌನ್ ಮಾಡಿಕೊಳ್ಳಬೇಕು.