ಜಾಲ ಕಟ್ಟಿಕೊಂಡಾಗ: ದಟ್ಟಣೆ ನಿಯಂತ್ರಣದ ಚರಿತ್ರೆ

ಕಂಪ್ಯೂಟರ್ ನೆಟ್‌ವರ್ಕ್ ಕಲಿಸುವ ಪದವಿ ತರಗತಿಗಳಲ್ಲಿ ದಟ್ಟಣೆ ನಿಯಂತ್ರಣಕ್ಕೆ ಒಂದು ಅಧ್ಯಾಯ ಮೀಸಲು. ಸ್ಲೋ ಸ್ಟಾರ್ಟ್, ವಿಂಡೋವನ್ನು ಅರ್ಧಕ್ಕಿಳಿಸುವುದು, ಏರಿ ಇಳಿಯುವ ಗರಗಸದ ಹಲ್ಲಿನ ನಕ್ಷೆ ಇವೆಲ್ಲ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು. ಇಂಟರ್ನೆಟ್‌ನಲ್ಲಿ ದತ್ತಾಂಶದ ರವಾನೆಯನ್ನು ನಿಭಾಯಿಸುವ ಟಿಸಿಪಿ ಪ್ರೊಟೊಕಾಲ್‌ನ ಜೊತೆಗೇ ಈ ನಿಯಮಗಳೂ ಹುಟ್ಟಿದವು ಎಂಬ ಭಾವನೆ ಪಠ್ಯಪುಸ್ತಕ ಓದಿದವರಲ್ಲಿ ಮೂಡುವುದು ಸಹಜ. ವಾಸ್ತವದಲ್ಲಿ 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಟಿಸಿಪಿಯ ವಿವರಣೆಯಲ್ಲಿ ಇವು ಯಾವುವೂ ಇರಲಿಲ್ಲ. ಜಾಲ ಒಮ್ಮೆ ಕುಸಿದುಬಿದ್ದ ಮೇಲೆಯೇ ಇವು ಸೇರಿಕೊಂಡದ್ದು.

1969ರಲ್ಲಿ ಅಮೆರಿಕದಲ್ಲಿ ಶುರುವಾದ ಅರ್ಪಾನೆಟ್‌ನಲ್ಲಿ ಪ್ಯಾಕೆಟ್, ಅಂದರೆ ದತ್ತಾಂಶದ ತುಣುಕು, ತಲುಪಿಸುವ ಹೊಣೆಯೆಲ್ಲ ಜಾಲದ್ದೇ ಆಗಿತ್ತು. ಪ್ರತಿ ಕೇಂದ್ರದಲ್ಲೂ ಐಎಂಪಿ ಎಂಬ ಪುಟ್ಟ ಕಂಪ್ಯೂಟರ್ ಇರುತ್ತಿತ್ತು. ಕಳಿಸಿದ ಸಂದೇಶ ತಲುಪಿತು, ಮುಂದಿನದನ್ನು ಕೊಡಬಹುದು ಎಂದು ಅದು ಹೇಳುವವರೆಗೆ ದೊಡ್ಡ ಕಂಪ್ಯೂಟರುಗಳು ಮಿತಿ ಮೀರಿ ಕಳಿಸುವಂತಿರಲಿಲ್ಲ. ಬೇರೆ ಬೇರೆ ಬಗೆಯ ಜಾಲಗಳನ್ನು ಒಂದಕ್ಕೊಂದು ಬೆಸೆಯುವ ಯೋಚನೆ ಬಂದಾಗ ಈ ಏರ್ಪಾಡು ಸಾಲದಾಯಿತು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಮುಂದಿಟ್ಟ ವಿನ್ಯಾಸದಲ್ಲಿ ಹೊಣೆ ಎರಡು ತುದಿಯ ಕಂಪ್ಯೂಟರುಗಳಿಗೆ ಬಂತು. ನಡುವಿನ ರೂಟರ್ ಕೈಲಾದಷ್ಟು ಪ್ಯಾಕೆಟ್ ದಾಟಿಸುತ್ತದೆ, ಬಫರ್ ತುಂಬಿದರೆ ಮಿಕ್ಕದ್ದನ್ನು ಬಿಸಾಡುತ್ತದೆ. ಕಳೆದುಹೋದದ್ದನ್ನು ಪತ್ತೆಹಚ್ಚಿ ಮತ್ತೆ ಕಳಿಸುವುದು ತುದಿಯ ಕೆಲಸ. ಫ್ರಾನ್ಸಿನ ಲೂಯಿ ಪೂಝಾಂ ತಮ್ಮ ಸಿಕ್ಲಾಡ್ಸ್ ಜಾಲದಲ್ಲಿ ಇದೇ ಹಾದಿ ಹಿಡಿದಿದ್ದರು. 1983ರ ಜನವರಿ 1ರಂದು ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಯಿತು.

ಹೊಸ ವಿನ್ಯಾಸದಲ್ಲಿ ಕಳಿಸುವವನಿಗೆ ಒಂದೇ ಒಂದು ಕಡಿವಾಣ ಇತ್ತು. ತನ್ನ ಬಳಿ ಎಷ್ಟು ಜಾಗ ಇದೆ ಎಂದು ಪಡೆಯುವ ಕಂಪ್ಯೂಟರ್ ತಿಳಿಸುತ್ತಿತ್ತು, ಅಷ್ಟನ್ನು ಒಂದೇ ಬಾರಿಗೆ ಕಳಿಸಬಹುದಿತ್ತು. ಇದಕ್ಕೆ ವಿಂಡೋ ಎಂದು ಹೆಸರು. ಪಡೆಯುವವನ ಯೋಗ್ಯತೆಯನ್ನು ವಿಂಡೋ ಹೇಳುತ್ತಿತ್ತೇ ವಿನಾ ನಡುದಾರಿಯ ಯೋಗ್ಯತೆಯನ್ನಲ್ಲ. ವಿನ್ಯಾಸದ ನಿಜವಾದ ಲೋಪ ಇಲ್ಲೇ ಇತ್ತು.

ಅದನ್ನು ಮೊದಲು ಗುರುತಿಸಿದವರಲ್ಲಿ ಫೋರ್ಡ್ ಏರೋಸ್ಪೇಸ್ ಸಂಸ್ಥೆಯ ಜಾನ್ ನೇಗಲ್ ಒಬ್ಬರು. 1984ರ ಜನವರಿಯ ಆರ್‌ಎಫ್‌ಸಿ 896 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಅವರು 'ದಟ್ಟಣೆ ಕುಸಿತ' ಎಂಬ ಅಪಾಯವನ್ನು ವಿವರಿಸಿದರು. ಜಾಲ ನಿಧಾನವಾದಾಗ, ಪ್ಯಾಕೆಟ್ ತಲುಪಿತೆಂದು ಪಡೆಯುವ ಕಂಪ್ಯೂಟರ್ ಕಳಿಸುವ ಸ್ವೀಕೃತಿ ತಡವಾಗುತ್ತದೆ. ಪ್ಯಾಕೆಟ್ ಕಳೆದುಹೋಯಿತೆಂದು ತಿಳಿದ ಕಂಪ್ಯೂಟರ್ ಇನ್ನೊಂದು ಪ್ರತಿ ಕಳಿಸುತ್ತದೆ. ಮೊದಲನೆಯದು ಇನ್ನೂ ಸರದಿಯಲ್ಲೇ ಇರುವುದರಿಂದ ಸಾಲು ಮತ್ತಷ್ಟು ಉದ್ದವಾಗುತ್ತದೆ. ಒಮ್ಮೆ ಈ ಸ್ಥಿತಿಗೆ ಬಿದ್ದ ಜಾಲ ಅದರಲ್ಲೇ ಉಳಿದುಬಿಡುತ್ತದೆ. ಅರ್ಪಾನೆಟ್‌ನಲ್ಲಿ ಸಾಮರ್ಥ್ಯ ಬೇಕಾದಷ್ಟಿದ್ದುದರಿಂದ ಆ ತನಕ ಇದು ಎದ್ದು ಕಂಡಿರಲಿಲ್ಲ. ಅದೇ ಬರಹದಲ್ಲಿ ನೇಗಲ್ ಇನ್ನೊಂದು ದುಂದನ್ನೂ ತೋರಿಸಿದರು: ಕೀಲಿಮಣೆಯಲ್ಲಿ ಒತ್ತಿದ ಒಂದೇ ಅಕ್ಷರ 40 ಬೈಟ್ ಶಿರೋಲೇಖ ಹೊತ್ತು 41 ಬೈಟ್‌ಗಳ ಪ್ಯಾಕೆಟ್ಟಾಗಿ ಹೊರಡುತ್ತಿತ್ತು.

ಅವರ ಎಚ್ಚರಿಕೆ ಮೂರು ವರ್ಷ ತುಂಬುವ ಮೊದಲೇ ನಿಜವಾಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ನಡುವಿನ ದೂರ ಸುಮಾರು 400 ಗಜ. 1986ರ ಅಕ್ಟೋಬರ್‌ನಲ್ಲಿ ಈ ಎರಡರ ನಡುವಿನ ರವಾನೆ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಇಳಿಯಿತು. ಎಂದರೆ ಸೆಕೆಂಡಿಗೆ ಬರೀ ಐದು ಅಕ್ಷರ! ಅರ್ಧ ಸೆಕೆಂಡಿನಲ್ಲಿ ದಾಟುತ್ತಿದ್ದ ಎರಡು ಸಾವಿರ ಅಕ್ಷರಗಳ ಪುಟಕ್ಕೆ ಆರೂವರೆ ನಿಮಿಷಕ್ಕೂ ಹೆಚ್ಚು ಬೇಕಾಯಿತು. ನಡೆದುಕೊಂಡು ಹೋಗಿ ಕೊಟ್ಟುಬಂದಿದ್ದರೂ ಅದಕ್ಕಿಂತ ಬೇಗ ಮುಟ್ಟುತ್ತಿತ್ತು. ತಂತಿ ತುಂಡಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಎಲ್ಲ ಕಂಪ್ಯೂಟರುಗಳೂ ನಿಯಮದಂತೆಯೇ ನಡೆದುಕೊಂಡಿದ್ದವು.

ಪ್ರಯೋಗಾಲಯದ ವ್ಯಾನ್ ಜೇಕಬ್ಸನ್, ವಿಶ್ವವಿದ್ಯಾಲಯದಲ್ಲಿ ಬರ್ಕ್ಲಿ ಯುನಿಕ್ಸ್ ನೋಡಿಕೊಳ್ಳುತ್ತಿದ್ದ ಮೈಕ್ ಕ್ಯಾರೆಲ್ಸ್ ಜೊತೆಗೂಡಿ ಕಾರಣ ಹುಡುಕಲು ಕುಳಿತರು. ಪ್ಯಾಕೆಟ್‌ಗಳ ಹೋಗುಬರವನ್ನು ಒಂದೊಂದಾಗಿ ಗುರುತಿಸಿ ನಕ್ಷೆ ಬರೆದಾಗ ಚಿತ್ರ ಸ್ಪಷ್ಟವಾಯಿತು. ಸಂಪರ್ಕ ಸಿಕ್ಕ ಕೂಡಲೇ ಕಂಪ್ಯೂಟರ್ ಇಡೀ ವಿಂಡೋದಷ್ಟು ಪ್ಯಾಕೆಟ್‌ಗಳನ್ನು ಒಮ್ಮೆಲೇ ಸುರಿಯುತ್ತಿತ್ತು. ವೇಗದ ಈಥರ್ನೆಟ್‌ನಿಂದ ಬಂದ ಆ ರಾಶಿ ನಿಧಾನದ ಕೊಂಡಿಯ ಬಾಯಲ್ಲಿ ಕಟ್ಟಿಕೊಂಡು ಅರ್ಧಕ್ಕರ್ಧ ಬಿದ್ದುಹೋಗುತ್ತಿತ್ತು, ಮರುರವಾನೆ ಶುರುವಾಗುತ್ತಿತ್ತು. ಅವರು ಪ್ರಕಟಿಸಿದ ಒಂದು ನಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲ ದತ್ತಾಂಶವೂ ಎರಡೆರಡು ಸಲ ಹೋಗಿದೆ, ಒಂದು ತುಣುಕಂತೂ ಐದು ಸಲ. ಕೊಂಡಿಯ ಸಾಮರ್ಥ್ಯದಲ್ಲಿ ಉಪಯೋಗಕ್ಕೆ ಬಂದದ್ದು ಶೇ. 35 ಮಾತ್ರ.

ಪರಿಹಾರದ ತಿರುಳು ಸರಳ: ಒಂದು ಪ್ಯಾಕೆಟ್ ಜಾಲದಿಂದ ಹೊರಬಿದ್ದ ಮೇಲೆಯೇ ಇನ್ನೊಂದನ್ನು ಒಳಬಿಡಬೇಕು. ಬರುವ ಸ್ವೀಕೃತಿಯೇ ಮುಂದಿನದಕ್ಕೆ ಅಪ್ಪಣೆ. ಆರಂಭದಲ್ಲಿ ಒಂದೇ ಪ್ಯಾಕೆಟ್ ಕಳಿಸಿ, ಆಮೇಲೆ ಎರಡು, ನಾಲ್ಕು, ಎಂಟು ಎಂದು ಏರಿಸುತ್ತ ಹೋಗುವುದು ಸ್ಲೋ ಸ್ಟಾರ್ಟ್. ಪ್ಯಾಕೆಟ್ ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆ ಎಂದು ತಿಳಿದು ಮಿತಿಯನ್ನು ಅರ್ಧಕ್ಕಿಳಿಸಬೇಕು, ಆಮೇಲೆ ಒಂದೊಂದಾಗಿ ಹೆಚ್ಚಿಸಬೇಕು. ಸ್ವೀಕೃತಿಗೆ ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕವನ್ನೂ ಅವರು ತಿದ್ದಿದರು. ಹಳೆಯ ಲೆಕ್ಕ ಸರಾಸರಿ ಸಮಯವನ್ನಷ್ಟೇ ನೋಡುತ್ತಿತ್ತು, ಹೊಸದು ಏರುಪೇರನ್ನೂ ಅಳೆಯಿತು. ರೂಟರ್‌ಗಳನ್ನು ಮುಟ್ಟದೆ, ತುದಿಯ ಕಂಪ್ಯೂಟರುಗಳ ಕೆಲವೇ ಸಾಲು ಪ್ರೋಗ್ರಾಂ ಬದಲಿಸಿ ಇಷ್ಟನ್ನೂ ಸಾಧಿಸಿದ್ದು ಈ ಕೆಲಸದ ದೊಡ್ಡತನ. 1988ರಲ್ಲಿ 'ತಾಹೋ' ಆವೃತ್ತಿಯ ಬರ್ಕ್ಲಿ ಯುನಿಕ್ಸ್ ಜೊತೆಗೆ ಇದು ಹೊರಬಂತು. 1990ರ 'ರೀನೋ' ಆವೃತ್ತಿ ಅದನ್ನು ಇನ್ನಷ್ಟು ಹದಗೊಳಿಸಿತು.

ಈ ಚರಿತ್ರೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಇಬ್ಬರ ಪಾಲೂ ಇದೆ. ನಮ್ಮಲ್ಲಿ ಅದರ ಪ್ರಸ್ತಾಪ ಆಗಬೇಕಾದಷ್ಟು ಆಗಿಲ್ಲ. 1974ರಲ್ಲಿ ಅಲ್ಲಿ ಎಂ.ಇ. ಮುಗಿಸಿದ ರಾಜ್ ಜೈನ್ ಮತ್ತು 1978ರಲ್ಲಿ ಸ್ನಾತಕೋತ್ತರ ಪದವಿ ಪಡೆದ ಕೆ. ಕೆ. ರಾಮಕೃಷ್ಣನ್ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿ ಇದೇ ಸಮಸ್ಯೆಗೆ ಕೈಹಾಕಿದ್ದರು. ಜೇಕಬ್ಸನ್ ಪ್ರಬಂಧ ಮಂಡಿಸಿದ 1988ರ ಸಿಗ್‌ಕಾಮ್ ಸಮ್ಮೇಳನದಲ್ಲೇ ಅವರ ಪ್ರಬಂಧವೂ ಬಂತು. ಪ್ಯಾಕೆಟ್ ಬಿದ್ದುಹೋಗುವ ತನಕ ಕಾಯುವುದೇಕೆ, ಸಾಲು ಬೆಳೆಯತೊಡಗಿದಾಗಲೇ ರೂಟರ್ ಪ್ಯಾಕೆಟ್ ಮೇಲೆ ಒಂದು ಬಿಟ್‌ನ ಗುರುತು ಹಾಕಿ ಎಚ್ಚರಿಸಲಿ ಎಂಬುದು ಅವರ ವಾದ. ಸ್ವಲ್ಪಸ್ವಲ್ಪವಾಗಿ ಏರಿಸಿ ಒಮ್ಮೆಲೇ ಪ್ರಮಾಣಾನುಗುಣವಾಗಿ ಇಳಿಸಿದರೆ ಎಲ್ಲ ಬಳಕೆದಾರರ ಪಾಲು ಕ್ರಮೇಣ ಸಮವಾಗುತ್ತದೆ ಎಂಬುದನ್ನು ಜೈನ್ ಮತ್ತು ದಾ-ಮಿಂಗ್ ಚ್ಯೂ 1989ರಲ್ಲಿ ಗಣಿತದಿಂದ ತೋರಿಸಿದರು. ಒಂದು ಬಿಟ್‌ನ ಗುರುತಿನ ವಿಚಾರ ಇಂಟರ್ನೆಟ್‌ನ ಮಾನದಂಡವಾಗಲು 2001ರವರೆಗೆ ಕಾಯಬೇಕಾಯಿತು. ಆ ವರ್ಷದ ಆರ್‌ಎಫ್‌ಸಿ 3168ರ ಕರ್ತೃಗಳಲ್ಲಿ ರಾಮಕೃಷ್ಣನ್ ಮೊದಲಿಗರು.

1989ರ ಅಕ್ಟೋಬರ್‌ನ ಆರ್‌ಎಫ್‌ಸಿ 1122 ಜೇಕಬ್ಸನ್ ವಿಧಾನವನ್ನು ಎಲ್ಲ ಟಿಸಿಪಿ ಕಂಪ್ಯೂಟರುಗಳಿಗೂ ಕಡ್ಡಾಯ ಮಾಡಿತು. ಅದನ್ನು ಜಾರಿಗೆ ತರುವ ಪೊಲೀಸು ಯಾರೂ ಇರಲಿಲ್ಲ. ತಂತ್ರಾಂಶ ಬರೆಯುವವರು ಒಪ್ಪಿ ನಡೆದುಕೊಂಡದ್ದರಿಂದಲೇ ಅದು ಉಳಿಯಿತು. ಪ್ಯಾಕೆಟ್ ಕಳೆದರೆ ದಟ್ಟಣೆಯೇ ಕಾರಣ ಎಂಬ ಊಹೆ ನಿಸ್ತಂತು ಜಾಲಗಳಲ್ಲಿ ಸಡಿಲವಾಯಿತು, ಅತಿವೇಗದ ದೂರದ ಕೊಂಡಿಗಳಲ್ಲಿ ಒಂದೊಂದಾಗಿ ಏರುವುದು ಬಹಳ ನಿಧಾನ ಎನಿಸಿತು. 2006ರಲ್ಲಿ ಲಿನಕ್ಸ್ ಕ್ಯೂಬಿಕ್ ಎಂಬ ವಿಧಾನಕ್ಕೆ ಬದಲಾಯಿತು. 2016ರಲ್ಲಿ ಗೂಗಲ್ ಪ್ರಕಟಿಸಿದ ಬಿಬಿಆರ್ ನಷ್ಟದ ಬದಲು ವೇಗ ಮತ್ತು ವಿಳಂಬವನ್ನು ಅಳೆಯುತ್ತದೆ. ಟಿಸಿಪಿಯನ್ನೇ ಬಿಟ್ಟು ಕಟ್ಟಿದ ಕ್ವಿಕ್ ಪ್ರೊಟೊಕಾಲ್‌ಗೆ 2021ರಲ್ಲಿ ಬಂದ ಆರ್‌ಎಫ್‌ಸಿ 9002ರಲ್ಲೂ ಸ್ಲೋ ಸ್ಟಾರ್ಟ್ ಇದೆ, ನಷ್ಟವಾದಾಗ ವಿಂಡೋವನ್ನು ಅರ್ಧಕ್ಕಿಳಿಸುವ ನಿಯಮವೂ ಇದೆ.